ಔಷಧಿ ಅಂಗಡಿಯವನ ಮಗನಿಗೊಂದು ಮಾತ್ರೆ

ಹಾಸನದ ಎಪಿಎಂಸಿ ಹತ್ತಿರ ನನ್ನದೊಂದು ಗೊಬ್ಬರ, ಬೀಜ, ಔಷಧಿ ಅಂಗಡಿ. ನಮ್ಮ ಕಡೆ ಗಿಡಕ್ಕೆ ಹೊಡೆಯುವುದೂ ಔಷಧಿ, ಮನುಷ್ಯ ನುಂಗುವುದೂ ಔಷಧಿ. ಹಳ್ಳಿಯಿಂದ ಫೋನ್ ಮಾಡಿ 'ಅವ್ನು ಔಷಧಿ ಕುಡ್ಕಂಡ' ಅಂದರೆ ಮಾತ್ರ ಬೇರೆ ಅರ್ಥ, ಗಾಡಿ ತೆಗೆದುಕೊಂಡು ಆಸ್ಪತ್ರೆಗೆ ಓಡಬೇಕು. ಇಷ್ಟೆಲ್ಲ ಅರ್ಥ ಹೊತ್ತ ಈ ಪದಾರ್ಥವನ್ನು ಇಪ್ಪತ್ತು ವರ್ಷದಿಂದ ಮಾರುತ್ತಿರುವವನು ನಾನು. ಲೈಸೆನ್ಸು, ಸ್ಟಾಕ್ ಬುಕ್ಕು, ಎಕ್ಸ್‌ಪೈರಿ ಡೇಟು, ಡಬ್ಬಿಯ ಮೇಲೆ ವಿಷ ಎಷ್ಟು ಅಂತ ಹೇಳುವ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ, ಎಲ್ಲ ಕಣ್ಣು ಮುಚ್ಚಿಕೊಂಡು ಗೊತ್ತು. ಆದರೂ ಹೋದ ವರ್ಷ ಎಂಟು ವರ್ಷದ ಮಗನ ಚೀಟಿ ಹಿಡಿದುಕೊಂಡು ಮೆಡಿಕಲ್ ಸ್ಟೋರಿನ ಕೌಂಟರಿನ ಈಚೆ ಕಡೆ ನಿಂತಾಗ ಕೈ ಸ್ವಲ್ಪ ನಡುಗಿತು.

ಮೊದಲ ಎರಡು ಅಂಗಡಿಯಲ್ಲಿ 'ಇದು ನಾವು ಇಡಲ್ಲ ಸಾರ್' ಅಂದರು. ಮೂರನೆಯವರು ವಯಸ್ಸಾದವರು. ಚೀಟಿಯನ್ನು ಕನ್ನಡಕದ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ನೋಡಿದರು. 'ಇದು ಯಾರಿಗೆ?' ಅಂದರು. ಮಗನಿಗೆ ಅಂದೆ. 'ವಯಸ್ಸು?' ಎಂಟು ಅಂದೆ. ಆಮೇಲೆ ಅವರು ಚೀಟಿ ಬಿಟ್ಟು ನನ್ನ ಮುಖ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಕೆಂಪು ತ್ರಿಕೋನದ, ಅಂದರೆ ಕಡು ವಿಷದ ಡಬ್ಬಿ ಕೇಳಿಕೊಂಡು ಗುರುತಿಲ್ಲದ ಹುಡುಗ ಒಬ್ಬನೇ ಬಂದರೆ ನಾನೂ ಹಾಗೇ ನೋಡುತ್ತೇನೆ. ಕೊನೆಗೆ ಅವರೇ ಬಿಡಿಸಿ ಹೇಳಿದರು: ಇದು ಶೆಡ್ಯೂಲ್ ಎಕ್ಸ್ ಮಾಲು, ಬೀಗದೊಳಗೆ ಇಡಬೇಕು, ಡಾಕ್ಟರ ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾದಿಡಬೇಕು, ಅಷ್ಟೆಲ್ಲ ತಲೆನೋವು ಬೇಡ ಅಂತ ಯಾರೂ ತರಿಸುವುದಿಲ್ಲ, ಬೆಂಗಳೂರಲ್ಲೇ ತಗೊಳ್ಳಿ. ಮಾತ್ರೆಯ ಹೆಸರು ಮಿಥೈಲ್‌ಫೆನಿಡೇಟ್, ಒಂದು ಕಡೆ ಕೂರದ, ಗಮನ ನಿಲ್ಲದ ಮಕ್ಕಳಿಗೆ ಕೊಡುವುದು. 1985ರ ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲೂ ಇದೆ. ಒಂದನೇ ಕ್ಲಾಸಿನಿಂದಲೂ ಚಪ್ಪಲಿ ಅದಲುಬದಲು ಹಾಕಿಕೊಂಡು ಬರುವ ನಮ್ಮ ಹುಡುಗನಿಗೂ ಆ ಕಾಯ್ದೆಗೂ ಏನು ಸಂಬಂಧ ಅಂತ ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ.

ಪಕ್ಕದ ಹೊಲದವನು ಹೊಡೆದ

ನನ್ನ ಅಂಗಡಿಗೆ ಬರುವ ರೈತರಲ್ಲಿ ಅರ್ಧದಷ್ಟು ಜನ ರೋಗ ಹೇಳುವುದಿಲ್ಲ. 'ಪಕ್ಕದ ಹೊಲದವ್ನು ಏನೋ ಹೊಡ್ದ, ಅದನ್ನೇ ಕೊಡಿ' ಅನ್ನುತ್ತಾರೆ. ಆಲೂಗಡ್ಡೆ ಸೀಸನ್ನಿನಲ್ಲಂತೂ, ಜಲಂಧರದ ಬಿತ್ತನೆ ಗಡ್ಡೆ ನೆಲಕ್ಕೆ ಬಿದ್ದು ಒಂದು ವಾರ ಮೋಡ ಕವಿದು ಜಡಿಮಳೆ ಹಿಡಿದರೆ ಸಾಕು, ಅಂಗಮಾರಿ ಬಂತು ಅಂತ ಸಾಲು ನಿಲ್ಲುತ್ತದೆ. ಎಲೆ ತಂದಿದ್ದೀರಾ ಅಂದರೆ ತಂದಿರುವುದಿಲ್ಲ. ತಂದ ಎಲೆಯಲ್ಲಿ ಎಷ್ಟೋ ಸಲ ರೋಗವೂ ಇರುವುದಿಲ್ಲ, ಗೊಬ್ಬರ ಕಡಿಮೆಯಾಗಿ ಹಳದಿ ತಿರುಗಿರುತ್ತದೆ ಅಷ್ಟೆ. ಇಂಥವರಿಗೆ ಬುದ್ಧಿ ಹೇಳಿಕೊಂಡು ಬಂದ ನಾನೇ ಮಗನ ವಿಷಯದಲ್ಲಿ ಪಕ್ಕದ ಹೊಲ ನೋಡಿದೆ.

ಮೂರನೇ ಕ್ಲಾಸಿನ ಡೈರಿಯಲ್ಲಿ ಮಿಸ್ಸು ಕೆಂಪು ಶಾಯಿಯಲ್ಲಿ ಬರೆಯುವುದು ವಾರಕ್ಕೊಂದು ಸಲ ಇದ್ದದ್ದು ದಿನಕ್ಕೊಂದು ಸಲ ಆಯಿತು. ಕೂರುವುದಿಲ್ಲ, ಬೋರ್ಡಿನಿಂದ ಅರ್ಧ ಬರೆದು ಬಿಡುತ್ತಾನೆ, ಬೇರೆಯವರ ಪೆನ್ಸಿಲ್ ಡಬ್ಬಿ ಬಿಚ್ಚುತ್ತಾನೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ. ಕ್ಲಾಸಿನಲ್ಲಿ ನಲವತ್ತೆಂಟು ಮಕ್ಕಳು. ನಾನಾಗಿದ್ದರೆ ಡೈರಿಯಲ್ಲಿ ಬರೆಯುವಷ್ಟು ತಾಳ್ಮೆಯೂ ನನಗಿರುತ್ತಿರಲಿಲ್ಲ, ಆ ಮಿಸ್ಸಿನ ಮೇಲೆ ನನಗೇನೂ ದೂರಿಲ್ಲ. ಪೋಷಕರ ಸಭೆ ಮುಗಿದ ಮೇಲೆ ಗೇಟಿನ ಹತ್ತಿರ ಇನ್ನೊಂದು ಮಗುವಿನ ತಾಯಿ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು 'ನಾವೂ ಮಾತ್ರೆ ಕೊಡ್ತಿದೀವಿ, ಈಗ ಆರಾಮಾಗಿದಾನೆ' ಅಂದರು. ಮುಂದಿನ ವಾರವೇ ಹೊರಟೆವು. ಯಾವ ಊರು, ಯಾವ ಕ್ಲಿನಿಕ್ಕು ಅನ್ನುವುದು ಇಲ್ಲಿ ಬೇಡ. ಡಾಕ್ಟರು ಹತ್ತು ನಿಮಿಷ ನೋಡಿದರು. ಆ ಹತ್ತು ನಿಮಿಷದಲ್ಲಿ ನಮ್ಮವನು ತೂಕದ ಯಂತ್ರದ ಮೇಲೆ ಮೂರು ಸಲ ಹತ್ತಿ ಇಳಿದ. ಅಷ್ಟೇ ಸಾಕಾಯಿತೇನೋ. ಎ.ಡಿ.ಎಚ್.ಡಿ., ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ ಅಂತ ಬರೆದು ಮಾತ್ರೆ ಬರೆದರು.

ತಡೆದವರು ನನ್ನ ಅಮ್ಮ. ಆಲೂರು ಕಡೆಯ ಹಳ್ಳಿಯವರು, ಚೀಟಿ ಓದಲು ಬರುವುದಿಲ್ಲ, ಆದರೆ ವಿಷಯ ಅರ್ಥವಾಯಿತು. 'ನೀನೇನ್ ಕಮ್ಮಿ ಇದ್ದ್ಯೇನೋ? ಕುಂತ ಕಡೆ ಕೂರ್ತಿದ್ದ್ಯಾ? ನಿಮ್ಮಪ್ಪ ಹಟ್ಟಿ ಕಂಬಕ್ಕೆ ಕಟ್ಟಾಕಿದ್ದು ಮರ್ತೋಯ್ತಾ?' ಅಂದರು. ಮಾತ್ರೆ ಬೇಡ ಅನ್ನುವುದಕ್ಕೆ ಹೇಳಿದ್ದು. ನನಗೆ ಮಾತ್ರ ಎರಡು ಸಂಗತಿ ಒಟ್ಟಿಗೆ ನೆನಪಾದವು. ಒಂದು, ಹಗ್ಗ ಒತ್ತಿ ಕೈ ಮೇಲೆ ಎದ್ದಿದ್ದ ಕೆಂಪು ಬರೆ. ನಮ್ಮ ಕಾಲದಲ್ಲಿ ಈ ರೋಗವೇ ಇರಲಿಲ್ಲ ಅನ್ನುವವರು ಅದಕ್ಕೆ ಕೊಡುತ್ತಿದ್ದ ಔಷಧಿಯನ್ನು ಮರೆತಿರುತ್ತಾರೆ. ಹುಣಸೆ ಬರಲು, ಕಂಬ, ಕೊನೇ ಬೆಂಚು, ಆಮೇಲೆ ಶಾಲೆ ಬಿಡಿಸುವುದು. ಇನ್ನೊಂದು, ಇದು ವಂಶದಲ್ಲಿ ಹರಿದು ಬರುವಂಥದ್ದು ಅಂತ ನಾನು ಆಗಲೇ ಓದಿದ್ದೆ. ಅವಳಿ ಮಕ್ಕಳ ಅಧ್ಯಯನಗಳಲ್ಲಿ ಅನುವಂಶೀಯತೆಯ ಪಾಲು ಶೇ. 70ಕ್ಕೂ ಹೆಚ್ಚು. ವಾರಕ್ಕೆರಡು ಸಲ ಅಂಗಡಿ ಬೀಗದ ಕೈ ಕಳೆಯುವ, ಜಿಎಸ್‌ಟಿ ಲೆಕ್ಕವನ್ನು ಕೊನೇ ದಿನ ರಾತ್ರಿ ಹನ್ನೊಂದಕ್ಕೆ ಕೂತು ಮಾಡುವ ನಾನು, ಮಗನ ಚೀಟಿಯಲ್ಲಿ ನನ್ನ ಹೆಸರನ್ನೂ ಓದಿಕೊಂಡೆ.

ಅಮ್ಮನ ಮಾತಿನಿಂದ ಆದ ಉಪಕಾರ ಎಂದರೆ ಇನ್ನೊಬ್ಬರನ್ನು ನೋಡಿದ್ದು. ಇವರು ಬೆಂಗಳೂರಿನ ಒಬ್ಬ ಮಕ್ಕಳ ಮನೋವೈದ್ಯೆ. ಎರಡು ಸಲ ಕರೆಸಿದರು. ಕಿವಿ ಕೇಳಿಸುತ್ತದಾ, ಕಣ್ಣು ತೋರಿಸಿದ್ದೀರಾ, ರಾತ್ರಿ ಗೊರಕೆ ಹೊಡೆಯುತ್ತಾನಾ, ಬಾಯಿ ತೆರೆದು ಮಲಗುತ್ತಾನಾ ಅಂತ ಕೇಳಿದರು. ನಿದ್ದೆ ಕೆಟ್ಟ ಮಗುವೂ ಹಗಲು ಹೀಗೇ ಕಾಣಬಹುದಂತೆ. ಮನೆಗೊಂದು, ಶಾಲೆಗೊಂದು ಪ್ರಶ್ನೆಪಟ್ಟಿ ಕೊಟ್ಟರು. ಲಕ್ಷಣ ಆರು ತಿಂಗಳಾದರೂ ಇರಬೇಕು, ಹನ್ನೆರಡು ವರ್ಷಕ್ಕೆ ಮುಂಚೆ ಶುರುವಾಗಿರಬೇಕು, ಒಂದೇ ಜಾಗದಲ್ಲಲ್ಲ ಎರಡು ಕಡೆಯಾದರೂ ತೊಂದರೆ ಕೊಡುತ್ತಿರಬೇಕು ಅಂದರು. ಹುಟ್ಟಿದ ತಿಂಗಳು ಕೇಳಿ 'ಕ್ಲಾಸಿಗೆಲ್ಲ ಚಿಕ್ಕವನಾ?' ಅಂದರು. ಹೌದು, ಐದೂವರೆಗೇ ಒಂದನೇ ಕ್ಲಾಸಿಗೆ ತಳ್ಳಿದ್ದೆವು, ಒಂದು ವರ್ಷ ಯಾಕೆ ದಂಡ ಅಂತ. ಅಮೆರಿಕದಲ್ಲಿ 2018ರಲ್ಲಿ ಬಂದ ಅಧ್ಯಯನ ಒಂದಿದೆ: ಸೆಪ್ಟೆಂಬರ್ 1ರ ವಯಸ್ಸಿನ ಲೆಕ್ಕ ಇರುವ ರಾಜ್ಯಗಳಲ್ಲಿ, ಕ್ಲಾಸಿಗೆ ಅತಿ ಕಿರಿಯರಾಗುವ ಆಗಸ್ಟ್ ಮಕ್ಕಳಿಗೆ ಅತಿ ಹಿರಿಯರಾಗುವ ಸೆಪ್ಟೆಂಬರ್ ಮಕ್ಕಳಿಗಿಂತ ಶೇ. 34ರಷ್ಟು ಹೆಚ್ಚು ಎ.ಡಿ.ಎಚ್.ಡಿ. ಹಣೆಪಟ್ಟಿ ಬಿದ್ದಿತ್ತು. ಒಂದು ದಿನದ ಅಂತರದಲ್ಲಿ ಹುಟ್ಟಿದವರ ಮೆದುಳಿನಲ್ಲಿ ಅಷ್ಟು ವ್ಯತ್ಯಾಸ ಇರುವುದಕ್ಕೆ ಸಾಧ್ಯವಿಲ್ಲ, ಅದು ಬೆಂಚಿನ ಲೆಕ್ಕ. ನಮ್ಮಲ್ಲೂ ಈಗ ಜೂನ್ 1ಕ್ಕೆ ಆರು ತುಂಬಬೇಕು ಅನ್ನುವ ನಿಯಮ ಬಂದು, ಅದಕ್ಕೆ ಪೋಷಕರ ಗಲಾಟೆ, ಸಡಿಲಿಕೆ ಎಲ್ಲ ಆಯಿತಲ್ಲ, ಆಗ ಗಲಾಟೆ ಮಾಡುವವರ ಗುಂಪಿನಲ್ಲಿ ನಿಲ್ಲಲು ನನಗೆ ಮನಸ್ಸಾಗಲಿಲ್ಲ.

ಇಷ್ಟೆಲ್ಲ ಆಗಿಯೂ ಡಾಕ್ಟರು ಹೇಳಿದ್ದು ಇದೆ ಅಂತಲೇ. ನನಗೂ ಒಳಗೊಳಗೆ ಗೊತ್ತಿತ್ತು. ಆ ಜನವರಿಯಲ್ಲಿ ಬಿ.ಎಂ. ರಸ್ತೆಯಲ್ಲಿ ಗಾಳಿಪಟವೊಂದನ್ನು ನೋಡಿ ನನ್ನ ಕೈ ಬಿಡಿಸಿಕೊಂಡು ಓಡಿದ್ದ. ಬಸ್ಸು ಬ್ರೇಕ್ ಹಾಕಿದ ಸದ್ದು ಈಗಲೂ ಒಮ್ಮೊಮ್ಮೆ ನಿದ್ದೆಯಲ್ಲಿ ಬರುತ್ತದೆ. ಅದು ಮಾರ್ಕ್ಸಿನ ವಿಷಯವಾಗಿರಲಿಲ್ಲ.

'ಹುಡುಗನ್ಗೆ ಹುಷಾರಿಲ್ವಾ?'

ಮಾತ್ರೆ ಶುರು ಮಾಡಿದ್ದು 2025ರ ಜೂನ್ ಮೊದಲ ವಾರ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಕೊಟ್ಟು ಅಂಗಡಿಗೆ ಕರೆದುಕೊಂಡು ಹೋದೆ, ಕಣ್ಣೆದುರಿಗೆ ಇರಲಿ ಅಂತ. ಬೇರೆ ದಿನಗಳಲ್ಲಿ ಅಂಗಡಿಗೆ ಬಂದರೆ ಅವನು ಯೂರಿಯಾ ಮೂಟೆ ಮೇಲಿಂದ ಡಿಎಪಿ ಮೂಟೆಗೆ ಹಾರಿ, ತಕ್ಕಡಿಯಲ್ಲಿ ತನ್ನನ್ನೇ ತೂಗಿಕೊಂಡು, ಸೊಪ್ಪಿನ ಬೀಜದ ಪ್ಯಾಕೆಟ್ಟು ಗಿಲಕಿ ಮಾಡಿಕೊಂಡು ಅಲ್ಲಾಡಿಸುತ್ತ, ಅವನದೇ ಒಂದು ಹಾಡು ಗುನುಗುತ್ತ ಇರುತ್ತಾನೆ. ಅವತ್ತು ಮುಕ್ಕಾಲು ಗಂಟೆ ಕಳೆದ ಮೇಲೆ ಗುನುಗು ನಿಂತಿತು. ನಾನು ತಲೆಯೆತ್ತಿ ನೋಡಿದೆ. ಸ್ಟೂಲಿನ ಮೇಲೆ ಕೂತು ಕಾಪಿ ಪುಸ್ತಕದಲ್ಲಿ ಬರೆಯುತ್ತಿದ್ದ. ಒಂದು ಪುಟ ಮುಗಿಸಿ ಇನ್ನೊಂದು ತಿರುವಿದ. ಅಕ್ಷರಗಳು ಗೆರೆಯ ಮೇಲೆ ಕೂತಿದ್ದವು. ಗೆರೆಯ ಮೇಲೆ ಕೂತ ಅವನ ಅಕ್ಷರವನ್ನು ನಾನು ಅದುವರೆಗೆ ನೋಡಿರಲಿಲ್ಲ. ಖುಷಿಯಾಯಿತಾ ಅಂದರೆ ಆಯಿತು. ಅಷ್ಟರಲ್ಲಿ ಕಂದಲಿ ಕಡೆಯ ಹಳೇ ಗಿರಾಕಿ ಒಬ್ಬರು ಒಳಗೆ ಬಂದು, ಎಂದಿನಂತೆ ಅವನ ತಲೆ ಸವರಿ, ಅವನು ಸುಮ್ಮನೆ ನೋಡಿದ್ದನ್ನು ಕಂಡು ನನ್ನ ಕಡೆ ತಿರುಗಿ 'ಯಾಕ್ ಸಾವ್ಕಾರ್ರೆ, ಹುಡುಗನ್ಗೆ ಹುಷಾರಿಲ್ವಾ?' ಅಂದರು.

ಏನು ಹೇಳಲಿ? ಈಗ ಹುಷಾರಾಗಿದಾನೆ ಅನ್ನಲೇ?

ಆ ವಾರ ಡಾಕ್ಟರಿಗೆ ಫೋನ್ ಮಾಡಿದೆ. ಮಂಕಾಗಿದ್ದರೆ ಅದು ಮಾತ್ರೆಯ ಗುಣ ಅಲ್ಲ, ಪ್ರಮಾಣ ಹೆಚ್ಚಾಗಿರುವುದರ ಸೂಚನೆ, ಕಡಿಮೆ ಮಾಡೋಣ ಅಂದರು. ಕಡಿಮೆ ಮಾಡಿದ ಮೇಲೆ ಗುನುಗು ವಾಪಸ್ ಬಂತು, ಅಕ್ಷರ ಗೆರೆ ಬಿಟ್ಟು ಕೊಂಚ ಕೆಳಗಿಳಿಯಿತು. ಆ ಪ್ರಮಾಣಕ್ಕೇ ನಿಂತೆವು. ಅಕ್ಷರ ಎಷ್ಟು ಬೇಕು, ಗುನುಗು ಎಷ್ಟು ಬೇಕು ಅನ್ನುವುದನ್ನು ಮಿಲಿಗ್ರಾಂನಲ್ಲಿ ತೀರ್ಮಾನ ಮಾಡುವ ಕೆಲಸ ಅಪ್ಪ ಅಮ್ಮಂದಿರಿಗೆ ಬರುತ್ತದೆ ಅಂತ ಯಾರೂ ಮೊದಲೇ ಹೇಳಿರಲಿಲ್ಲ.

ಕೆಲಸ ಮಾಡಿತು, ಸರಿ

ಮೊದಲ ದಿನವೇ ಕೆಲಸ ಮಾಡಿತಲ್ಲ, ಅಂದರೆ ರೋಗ ಇತ್ತು ಅಂತಲೇ ಅರ್ಥ ಅಂದ ನನ್ನ ಭಾವ. ತುಂಬಾ ಜನ ಹಾಗೇ ಅಂದುಕೊಂಡಿರುತ್ತಾರೆ. 1978ರಲ್ಲಿ ಜುಡಿತ್ ರಾಪೊಪೋರ್ಟ್ ಮತ್ತವರ ಜೊತೆಗಾರರು ಯಾವ ತೊಂದರೆಯೂ ಇಲ್ಲದ ಹುಡುಗರಿಗೆ ಇದೇ ಜಾತಿಯ ಔಷಧಿ ಕೊಟ್ಟು ನೋಡಿದ್ದರು. ಅವರ ಗಮನವೂ ಹೆಚ್ಚಿತು, ಚಲನೆಯೂ ಕಡಿಮೆಯಾಯಿತು. ಮೆದುಳಿನ ಕೋಶಗಳು ಹೊರಬಿಟ್ಟ ಡೋಪಮೈನ್ ಎಂಬ ರಾಸಾಯನಿಕವನ್ನು ಬೇಗ ವಾಪಸ್ ಎಳೆದುಕೊಳ್ಳದಂತೆ ಈ ಮಾತ್ರೆ ತಡೆಯುತ್ತದೆ, ಅದು ಯಾರ ಮೆದುಳಾದರೂ ಅಷ್ಟೆ. ಯೂರಿಯಾ ಹಾಕಿದರೆ ಎಲ್ಲ ಗದ್ದೆಯೂ ಹಸಿರಾಗುತ್ತದೆ. ಹಸಿರಾಯಿತು ಅಂದಮಾತ್ರಕ್ಕೆ ಆ ಗದ್ದೆಗೆ ಯೂರಿಯಾ ಬೇಕಿತ್ತು ಅಂತ ಸಾಬೀತಾಗುವುದಿಲ್ಲ. ಹತ್ತು ನಿಮಿಷದ ಡಾಕ್ಟರ ಮೇಲೆ ನನಗಿರುವ ಸಿಟ್ಟು ಇದಕ್ಕೇ. ಅವರ ತೀರ್ಮಾನ ತಪ್ಪಾಗಿದ್ದರೂ ಮಾತ್ರೆ ಕೆಲಸ ಮಾಡುತ್ತಿತ್ತು, ನಾವು ಅವರಿಗೆ ಕೈ ಮುಗಿಯುತ್ತಿದ್ದೆವು.

ಇದರ ಚರಿತ್ರೆಯೂ ಹಾಗೇ ಅಡ್ಡದಾರಿಯಲ್ಲಿ ಬಂದದ್ದು. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ತಮ್ಮಲ್ಲಿದ್ದ ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಇದೇ ಜಾತಿಯ ಔಷಧಿ ಕೊಟ್ಟರು. ಕೊಡಲು ಹೊರಟಿದ್ದು ಮೆದುಳಿನ ಒಂದು ವೈದ್ಯಕೀಯ ಪರೀಕ್ಷೆಯ ನಂತರ ಬರುತ್ತಿದ್ದ ತಲೆನೋವಿಗೆ, ಆದರೆ ಮೂವತ್ತು ಮಕ್ಕಳಲ್ಲಿ ಅರ್ಧದಷ್ಟು ಮಂದಿ ಪಾಠದಲ್ಲಿ ಎದ್ದು ಕಾಣುವಂತೆ ಮುಂದೆ ಬಂದರು. ಮಿಥೈಲ್‌ಫೆನಿಡೇಟ್ ತಯಾರಾದದ್ದು 1944ರಲ್ಲಿ, ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ, ಸೀಬಾ ಕಂಪನಿಯ ಲಿಯಾಂಡ್ರೊ ಪನಿಝೋನ್ ಕೈಯಲ್ಲಿ. ಹೆಂಡತಿ ರೀಟಾ ಹೆಸರಿನಿಂದ ಅದು ರಿಟಾಲಿನ್ ಆಯಿತು. ಸೀಬಾ ಹೆಸರು ಓದಿದಾಗ ನಾನು ಎದ್ದು ಕೂತೆ. ಆಲೂಗಡ್ಡೆ ಅಂಗಮಾರಿಗೆ ನಾನು ಮಾರುವ ರಿಡೋಮಿಲ್‌ನ ಮೂಲವಸ್ತು ಮೆಟಲಾಕ್ಸಿಲ್ ಕೂಡ 1977ರಲ್ಲಿ ಹೊರಗೆ ಬಂದದ್ದು ಆ ಮನೆತನದಿಂದಲೇ, ಸೀಬಾ-ಗೈಗಿಯಿಂದ. ಎಪಿಎಂಸಿ ಪಕ್ಕದ ಅಂಗಡಿಯವನಿಗೆ ಬಾಸೆಲ್ ಊರು ಎರಡು ಬಾಗಿಲಿನಿಂದ ಮನೆಯೊಳಗೆ ಬಂದಿತ್ತು. ಇದರಿಂದ ಏನೂ ತಿಳಿಯಬೇಕಾದ್ದಿಲ್ಲ, ಆದರೂ ಆ ರಾತ್ರಿ ಹೆಂಡತಿಯನ್ನು ಎಬ್ಬಿಸಿ ಹೇಳಿದೆ, ಬೈಸಿಕೊಂಡೆ.

ಎದೆ ಹೊಡೆದುಕೊಂಡ ಜೂನ್

ನಾವು ಮಾತ್ರೆ ಶುರು ಮಾಡಿದ ತಿಂಗಳಲ್ಲೇ ಹಾಸನದ ಹೆಸರು ರಾಜ್ಯದ ಎಲ್ಲ ಟಿ.ವಿ.ಯಲ್ಲಿ ಬರತೊಡಗಿತು. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವು ಅಂತ. ಅದರಲ್ಲಿ ಇಪ್ಪತ್ತು ಮೂವತ್ತರ ಹರೆಯದವರೂ ಇದ್ದರು. ಬೆಳಿಗ್ಗೆ ಎದ್ದರೆ ಇವತ್ತು ಎಷ್ಟು ಅನ್ನುವುದೇ ಮಾತು. ಜಯದೇವ ಆಸ್ಪತ್ರೆ ಮುಂದೆ ಜನ ಬೆಳಗಿನ ಜಾವವೇ ಸಾಲು ನಿಂತಿದ್ದನ್ನು ತೋರಿಸಿದರು. ನಮ್ಮ ಮನೆಯಲ್ಲಿ ಒಂದು ಮಾತ್ರೆಯ ಹಾಳೆ ಇತ್ತು, ಅದರೊಳಗಿನ ಕಾಗದದಲ್ಲಿ ಹೃದಯದ ಬಡಿತ, ರಕ್ತದೊತ್ತಡ ಹೆಚ್ಚಬಹುದು ಅಂತ ಸಣ್ಣಕ್ಷರದಲ್ಲಿ ಇತ್ತು. ನನ್ನ ಹೆಂಡತಿ ಅದನ್ನು ಓದಿ ಮಡಚಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಯಾರನ್ನೂ ಕೇಳಲಿಲ್ಲ, ನನ್ನನ್ನೂ.

ಅವಳನ್ನು ತಪ್ಪು ಅನ್ನಲಾರೆ. ರಾತ್ರಿ ಮಗ ಮಲಗಿದ ಮೇಲೆ ಅವನ ಎದೆಯ ಮೇಲೆ ಕೈಯಿಟ್ಟು ಎಣಿಸುತ್ತಿದ್ದಳು. ನಾನೂ ಎಣಿಸಿದ್ದೇನೆ, ಅವಳಿಗೆ ಗೊತ್ತಿಲ್ಲ. ಜುಲೈನಲ್ಲಿ ಜಯದೇವ ನಿರ್ದೇಶಕರ ನೇತೃತ್ವದ ಸಮಿತಿ ವರದಿ ಕೊಟ್ಟು ಹಾಸನದಲ್ಲಿ ಅಂಥ ಅಸಹಜ ಏರಿಕೆ ಇಲ್ಲ ಅಂದಿತು. ಡಾಕ್ಟರು ನಮಗೆ ಇದನ್ನು ಶುರುವಿನಲ್ಲೇ ಕೇಳಿದ್ದರು: ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ದಿಢೀರನೆ ತೀರಿಕೊಂಡಿದ್ದಾರಾ, ಇವನು ಓಡಿದಾಗ ತಲೆ ತಿರುಗಿ ಬಿದ್ದಿದ್ದಾನಾ. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಬಿಪಿ ನೋಡಿದ್ದರು. ಹೃದಯದಲ್ಲಿ ಮೊದಲೇ ದೋಷವಿದ್ದ ಮಕ್ಕಳಿಗೆ ಎಚ್ಚರ ಬೇಕು, ಉಳಿದವರಲ್ಲಿ ಬಡಿತ ನಿಮಿಷಕ್ಕೆ ಕೆಲವು ಹೆಚ್ಚಾಗುವುದು ಸಾಮಾನ್ಯ ಅಂದರು. ನಮ್ಮ ಭಯ ಅದರಿಂದ ಹೋಗಲಿಲ್ಲ, ಕಡಿಮೆಯಾಯಿತು. ಚಟ ಹತ್ತುತ್ತದೆ ಎನ್ನುವ ಭಯ ಮಾತ್ರ ಬೇಗ ಹೋಯಿತು, ಯಾಕೆಂದರೆ ಮಾತ್ರೆ ನಿಲ್ಲಿಸಿದ ಆರು ವಾರ ಅವನು ಅದನ್ನು ಒಂದು ಸಲವೂ ಕೇಳಲಿಲ್ಲ. ದಿನಕ್ಕೆ ಮೂರು ಲೋಟ ಕಾಫಿ ಇಲ್ಲದೆ ತಲೆ ಸಿಡಿಯುವ ನಾವು ಅವನಿಗೆ ಚಟ ಹತ್ತೀತು ಅಂತ ಹೆದರಿಕೊಂಡಿದ್ದೆವು.

ಆಗಸ್ಟಿನಲ್ಲಿ ಮತ್ತೆ ಶುರು ಮಾಡಿದ್ದು ಅವನ ಮಾತಿನಿಂದ. ಮಾತ್ರೆ ಇದ್ದಾಗ ಚೆನ್ನಾಗಿತ್ತಾ, ಇಲ್ಲದಾಗಲಾ ಅಂತ ಸುಮ್ಮನೆ ಕೇಳಿದೆ. ಸೈಕಲ್ ಚೈನು ಸರಿಮಾಡುತ್ತಿದ್ದ, ತಲೆಯೆತ್ತಲಿಲ್ಲ. 'ಮಾತ್ರೆ ತಗೊಂಡ್ರೆ ಮಿಸ್ಸು ನನ್ ಹೆಸ್ರು ಕರೆಯಲ್ಲಪ್ಪ' ಅಂದ. ಇದು ಒಳ್ಳೆಯದಾ ಕೆಟ್ಟದ್ದಾ ಅಂತ ನಾನು ಕೇಳಲಿಲ್ಲ.

ಹೊಡೆದ ಮೇಲೆ ಹೊಲಕ್ಕೆ ಹೋದವರು

ಈ ವಿಷಯದಲ್ಲಿ ನಾನು ಓದಿದ್ದರಲ್ಲಿ ಮನಸ್ಸಿನಲ್ಲಿ ನಿಂತದ್ದು 1999ರಲ್ಲಿ ಪ್ರಕಟವಾದ ಒಂದು ದೊಡ್ಡ ಅಮೆರಿಕನ್ ಅಧ್ಯಯನ, ಎಂ.ಟಿ.ಎ. ಅನ್ನುತ್ತಾರೆ. 579 ಮಕ್ಕಳು, ನಾಲ್ಕು ಗುಂಪು, ಹದಿನಾಲ್ಕು ತಿಂಗಳು. ಕ್ರಮವಾಗಿ ಮಾತ್ರೆ ಕೊಟ್ಟ ಗುಂಪು ಚೆನ್ನಾಗಿ ಮಾಡಿತು ಅಂತ ಎಲ್ಲರೂ ಹೇಳುತ್ತಾರೆ. ಅದರೊಳಗೆ ಇನ್ನೊಂದು ಸಂಗತಿ ಇದೆ. ತಮ್ಮ ಪಾಡಿಗೆ ಊರಿನ ಡಾಕ್ಟರ ಹತ್ತಿರ ಬಿಟ್ಟ ಗುಂಪಿನಲ್ಲೂ ಮೂರರಲ್ಲಿ ಎರಡು ಪಾಲು ಮಕ್ಕಳು ಮಾತ್ರೆ ನುಂಗುತ್ತಿದ್ದರು, ಅವರಿಗೆ ಅಷ್ಟು ಪ್ರಯೋಜನ ಕಾಣಲಿಲ್ಲ. ಅಧ್ಯಯನದವರು ಕೊಟ್ಟ ಪ್ರಮಾಣ ಹೆಚ್ಚಿತ್ತು, ನಿಜ. ಆದರೆ ಅವರು ತಿಂಗಳಿಗೊಮ್ಮೆ ಅರ್ಧ ಗಂಟೆ ಕೂರಿಸಿಕೊಂಡು ಮಾತಾಡಿಸುತ್ತಿದ್ದರು, ಶಾಲೆಯಿಂದ ವರದಿ ತರಿಸುತ್ತಿದ್ದರು. ಉಳಿದವರನ್ನು ಡಾಕ್ಟರು ನೋಡುತ್ತಿದ್ದುದು ವರ್ಷಕ್ಕೆ ಒಂದೆರಡು ಸಲ. ಅಧ್ಯಯನ ಮುಗಿದು ಎಲ್ಲರೂ ತಮ್ಮ ತಮ್ಮ ದಾರಿ ಹಿಡಿದ ಮೇಲೆ, ಮೂರನೇ ವರ್ಷ ಲೆಕ್ಕ ಹಾಕಿದರೆ ಗುಂಪುಗಳ ನಡುವೆ ಅಂತರವೇ ಉಳಿದಿರಲಿಲ್ಲ.

ಒಳ್ಳೆಯ ರೈತ ಔಷಧಿ ಹೊಡೆದ ಮಾರನೇ ದಿನ ಹೊಲಕ್ಕೆ ಹೋಗುತ್ತಾನೆ. ಎಲೆ ತಿರುಗಿಸಿ ಅಡಿಯಲ್ಲಿ ನೋಡುತ್ತಾನೆ. ಹೊಡೆದೆ, ಕೈ ತೊಳೆದೆ ಅನ್ನುವವನೇ ಮುಂದಿನ ವಾರ ಇನ್ನೂ ಖಾರದ್ದು ಕೊಡಿ ಅಂತ ಬರುವವನು. ಮಗುವಿಗೆ ಮಾತ್ರೆ ಕೊಡಬೇಕಾ ಬೇಡವಾ ಅಂತ ಜನ ವಾದ ಮಾಡುತ್ತಾರೆ, ನನಗೆ ಆ ವಾದದಲ್ಲಿ ಆಸಕ್ತಿ ಹೋಗಿದೆ. ಕೊಟ್ಟ ಮೇಲೆ ಯಾರು ನೋಡುತ್ತಾರೆ ಅನ್ನುವುದು ನನ್ನ ತಕರಾರು. ನಮ್ಮ ಡಾಕ್ಟರು ಒಳ್ಳೆಯವರೇ, ಆದರೆ ಬೆಂಗಳೂರಲ್ಲಿದ್ದಾರೆ. ಬೆಳಗಿನ ರೈಲಿಗೆ ಶ್ರವಣಬೆಳಗೊಳದ ಮೇಲೆ ಹೋಗಿ ರಾತ್ರಿ ವಾಪಸ್ ಬಂದರೆ ಅಂಗಡಿಗೆ ಒಂದು ದಿನ, ಶಾಲೆಗೆ ಒಂದು ದಿನ ರಜೆ. ಮೊದಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆವು, ಆಮೇಲೆ ಮೂರು ತಿಂಗಳಿಗೊಮ್ಮೆ ಆಯಿತು. ಶಾಲೆಯವರಿಗಂತೂ ಡೈರಿಯಲ್ಲಿ ಕೆಂಪು ಶಾಯಿ ನಿಂತದ್ದೇ ಸಾಕಾಯಿತು. ಮುಂದಿನ ಬೆಂಚಿನಲ್ಲಿ ಕೂರಿಸಿ, ಬೋರ್ಡು ಒರೆಸುವ ಕೆಲಸ ಕೊಡಿ, ಒಂದೇ ಸಲ ಮೂರು ಮಾತು ಹೇಳಬೇಡಿ ಅಂತ ಡಾಕ್ಟರು ಬರೆದು ಕೊಟ್ಟ ಕಾಗದ ಇನ್ನೂ ಆಫೀಸಿನಲ್ಲೇ ಇದೆಯಂತೆ. ಸುಮ್ಮನೆ ಕೂತಿದ್ದಾನಲ್ಲ ಸಾರ್ ಅಂದರು.

ಹೀಗಾಗಿ ನೋಡುವ ಕೆಲಸ ಮನೆಗೆ ಬಂತು. ಮೊದಲು ಕಂಡದ್ದು ಟಿಫನ್ ಡಬ್ಬಿ. ಅಕ್ಕಿ ರೊಟ್ಟಿ ಹಾಕಿ ಕಳಿಸಿದರೆ ಮಡಚಿದ್ದು ಮಡಚಿದ ಹಾಗೇ ವಾಪಸ್. ಚಟ್ನಿಯ ನೀರು ಒಂದು ಕಡೆ ಹರಿದು ರೊಟ್ಟಿಯ ಅಂಚು ಮಾತ್ರ ಹಸಿರಾಗಿರುತ್ತಿತ್ತು. ಹಸಿವಾಗಲಿಲ್ಲ ಅನ್ನುತ್ತಿದ್ದ, ಸುಳ್ಳಲ್ಲ. ಸಂಜೆ ಆರರ ನಂತರ ಮಾತ್ರೆಯ ಪ್ರಭಾವ ಇಳಿಯುವಾಗ ಸಣ್ಣದಕ್ಕೆಲ್ಲ ಅಳು, ಸಿಟ್ಟು. ಎಂಟು ಗಂಟೆಗೆ ಮೂರು ಮುದ್ದೆ ಕೇಳುವ ಹಸಿವು. ಅಮ್ಮ ಈಗ ಅವನಿಗೆ ಮಾತ್ರೆಗೆ ಮೊದಲೇ ತುಪ್ಪ ಹಾಕಿ ಹೊಟ್ಟೆ ತುಂಬ ತಿನ್ನಿಸುತ್ತಾರೆ, ರಾತ್ರಿ ಬಸ್ಸಾರಿನ ಪಾತ್ರೆ ಒಲೆಯ ಮೇಲೆಯೇ ಇರುತ್ತದೆ. ಮಾತ್ರೆ ಬೇಡ ಅಂದವರು ಮಾತ್ರೆಯ ಸಮಯವನ್ನು ಎಲ್ಲರಿಗಿಂತ ಸರಿಯಾಗಿ ನೆನಪಿಟ್ಟುಕೊಂಡಿದ್ದಾರೆ.

ಈ ಜೂನ್‌ನಲ್ಲಿ ಯೂನಿಫಾರ್ಮ್ ಪ್ಯಾಂಟುಗಳನ್ನು ಸಂತೇಪೇಟೆಯ ಟೈಲರ್ ಹತ್ತಿರ ತೆಗೆದುಕೊಂಡು ಹೋದೆ. ಪ್ರತಿ ವರ್ಷ ಕೆಳಗಿನ ಮಡಿಕೆ ಬಿಚ್ಚಿಸಿ ಉದ್ದ ಮಾಡಿಸುವುದು ನಮ್ಮಲ್ಲಿ ರೂಢಿ, ಅದಕ್ಕೆಂದೇ ಮೂರು ಬೆರಳು ಬಟ್ಟೆ ಒಳಗೆ ಬಿಡಿಸಿರುತ್ತೇವೆ. ಟೈಲರ್ ಹುಡುಗನನ್ನು ನಿಲ್ಲಿಸಿ, ಬಾಯಲ್ಲಿ ಸೂಜಿ ಕಚ್ಚಿಕೊಂಡು ಬಗ್ಗಿ ನೋಡಿ, 'ಬಿಚ್ಚೋದೇನೂ ಬೇಡ ಬಿಡಿ ಅಣ್ಣ, ಸರಿಯಾಗೇ ಇದೆಯಲ್ಲ' ಅಂದರು. ನನ್ನ ಹೆಂಡತಿ ನನ್ನನ್ನು ನೋಡಿದಳು. ಎಂ.ಟಿ.ಎ. ಮಕ್ಕಳಲ್ಲಿ ಮೂರು ವರ್ಷ ಬಿಡದೆ ಮಾತ್ರೆ ತಗೊಂಡವರು ತಗೊಳ್ಳದವರಿಗಿಂತ ಸುಮಾರು 2 ಸೆಂ.ಮೀ. ಕಡಿಮೆ ಬೆಳೆದಿದ್ದರು ಅಂತ ನಾನು ಅವಳಿಗೆ ಹೇಳಿದ್ದೆ. ಎರಡು ಸೆಂಟಿಮೀಟರ್ ಅಂದರೆ ಏನು ಮಹಾ ಅಂತಲೂ ನಾನೇ ಹೇಳಿದ್ದೆ.

ಅಂಗಡಿಯ ಸ್ಟಾಕ್ ಬುಕ್ಕಿನ ಕೊನೇ ಪುಟದಲ್ಲಿ ಅವನದೊಂದು ಲೆಕ್ಕ ಇಟ್ಟಿದ್ದೇನೆ. ತಾರೀಕು, ತೂಕ, ಎತ್ತರ, ಡಬ್ಬಿ ಖಾಲಿಯೋ ಉಳಿದಿದೆಯೋ, ರಾತ್ರಿ ಎಷ್ಟಕ್ಕೆ ಮಲಗಿದ. ಅವತ್ತು ಸಂಜೆ ಅಂಗಡಿಯಲ್ಲೇ ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಸ್ಕೇಲು ಇಟ್ಟು ಅಳೆದೆ. ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯಬೇಕಾದ ವಯಸ್ಸು, ನಾಲ್ಕೂ ತುಂಬಿರಲಿಲ್ಲ. ಬರೆದುಕೊಂಡೆ. ಬೇಸಿಗೆ ರಜೆಯಲ್ಲಿ ನಿಲ್ಲಿಸಿದ ಹಾಗೆ ಶನಿವಾರ ಭಾನುವಾರವೂ ನಿಲ್ಲಿಸಬಹುದಾ ಅಂತ ಡಾಕ್ಟರನ್ನು ಕೇಳಬೇಕು ಅಂತ ಅದರ ಕೆಳಗೆ ಬರೆದೆ. ಅಷ್ಟರಲ್ಲಿ ಅವನು ಯೂರಿಯಾ ಮೂಟೆ ಹತ್ತಿ ನಿಂತಿದ್ದ. 'ಅಪ್ಪಾ, ಈಗ ಅಳಿ' ಅಂದ.